ಠುಸ್ ಆದ ಹೂಕುಂಡ

ನನ್ನ ಗಂಡ ಗಡಿಯಾರ ರಿಪೇರಿ ಮಾಡುವವರು. ಅವರ ಎಡಗಣ್ಣು ಹುಟ್ಟಿನಿಂದಲೇ ಮಂದ. ನಮ್ಮ ಸಂಸಾರ ನಡೆದದ್ದೆಲ್ಲ ಬಲಗಣ್ಣಿನ ಮೇಲೆ. ಭೂತಗನ್ನಡಿಯನ್ನು ಆ ಕಣ್ಣಿಗೆ ಸಿಕ್ಕಿಸಿಕೊಂಡು ಕೂತರೆಂದರೆ ತಲೆಯ ಮೇಲೆ ಸೂರು ಬಿದ್ದರೂ ಏಳುವವರಲ್ಲ. ಮಿಕ್ಸಿಯಾಗಲಿ, ಫ್ಯಾನಾಗಲಿ, ಕೆಟ್ಟು ನಿಂತದ್ದನ್ನು ಕಣ್ಣಿನ ಹತ್ತಿರ ತಂದು ನೋಡದಿದ್ದರೆ ಅವರಿಗೆ ಗಂಟಲಲ್ಲಿ ತುತ್ತು ಇಳಿಯದು. "ರಿಪೇರಿ ಆಗಲ್ಲ" ಎಂಬ ಮಾತನ್ನು ಅವರ ಬಾಯಿಂದ ನಾನು ಕೇಳಿಯೇ ಇರಲಿಲ್ಲ.

ಮಗಳು ನರ್ಸಿಂಗ್ ಪಾಸಾದಳು. ಅಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪಟಾಕಿ ತಂದರು, ಅದೂ ಲೈಸೆನ್ಸ್ ಇರುವ ಅಂಗಡಿಯಿಂದಲೇ. ಡಬ್ಬದ ಮೇಲಿನ ಸೂಚನೆಗಳನ್ನು ನಮಗೆಲ್ಲ ಗಟ್ಟಿಯಾಗಿ ಓದಿ ಹೇಳಿದರು. ಸರ್ಕಾರ ಗೊತ್ತುಮಾಡಿದ ಹೊತ್ತು ಮೀರಬಾರದೆಂದು ಸಂಜೆಯಾಗುತ್ತಲೇ ಶುರು ಮಾಡಿದರು. ಪಕ್ಕದ ಮನೆಗೆ ಹೋಗಿ, "ನಾಯಿನ ಸ್ವಲ್ಪ ಒಳಗೆ ಕಟ್ಕೊಳಿ," ಎಂದು ಹೇಳಿ ಬಂದರು. ಅಂಗಳದಲ್ಲಿ ಬಕೆಟ್ ನೀರು, ಪಕ್ಕದಲ್ಲಿ ಮರಳು. ನನ್ನ ನೈಲಾನ್ ಬಟ್ಟೆ ನೋಡಿ, "ಏನೇ, ನೀನೂ ಹತ್ಕೊಂಡು ಉರೀಬೇಕಾ? ಕಾಟನ್ ಹಾಕ್ಕೊಂಡ್ ಬಾ," ಎಂದು ಗದರಿದರು. ಅಷ್ಟು ಜೋಪಾನದ ಮನುಷ್ಯ ರೀ ಅವರು!

ಎಲ್ಲ ಚೆನ್ನಾಗಿಯೇ ಹೊತ್ತಿಕೊಂಡವು. ಕೊನೆಯ ಹೂಕುಂಡದ ಬತ್ತಿ ಮಾತ್ರ ಸುರ್ ಎಂದು ಉರಿದು ತೆಪ್ಪಗಾಯಿತು.

"ಠುಸ್ ಆಯ್ತು ಬಿಡಿ. ಸ್ವಲ್ಪ ತಡೆದು ನೀರು ಸುರೀತೀನಿ," ಎಂದೆ.

"ಇರೇ, ಯಾಕೆ ನಿಂತೋಯ್ತು ಅಂತ ನೋಡ್ತೀನಿ."

"ಅಪ್ಪಾ, ಹತ್ರ ಹೋಗ್ಬೇಡಿ! ನೀವೇ ಓದಿ ಹೇಳಿದ್ರಲ್ಲ!" ಮಗಳು ಕೂಗಿದಳು.

"ಆರಿಹೋಗಿದೆ ಕಣಮ್ಮ. ಹೊಗೆನೂ ಇಲ್ಲ."

ಮೊಣಕಾಲೂರಿ ಬಗ್ಗಿದರು. ಮೇಜಿನ ಮೇಲಿನ ಗಡಿಯಾರಕ್ಕೆ ಬಗ್ಗುವ ಹಾಗೆಯೇ ಬಲಗಣ್ಣನ್ನು ಹತ್ತಿರ ತಂದರು. ನಾನು ಬಕೆಟ್ ಎತ್ತಿಕೊಂಡು ಓಡಿದೆ. ತಲುಪುವ ಮೊದಲೇ ಅದು ಹೊತ್ತಿತು.

ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ಆ ಗಾದೆ ಕಟ್ಟಿದವನು ಕೈಗೆ ಸಿಕ್ಕಿದರೆ ಕೆನ್ನೆಗೆ ಬಾರಿಸುತ್ತೇನೆ. ಇಲ್ಲದಿದ್ದರೆ ಈ ಸಿಟ್ಟನ್ನು ಯಾರ ಮೇಲೆ ತೀರಿಸಲಿ?

"ಉಜ್ಜಬೇಡಿ ಅಪ್ಪಾ, ಉಜ್ಜಬೇಡಿ," ಎನ್ನುತ್ತಾ ಮಗಳು ದಾರಿಯುದ್ದಕ್ಕೂ ಅವರ ಕೈ ಹಿಡಿದುಕೊಂಡು ಆಸ್ಪತ್ರೆಗೆ ಕರೆದೊಯ್ದಳು. ಪಾಸಾದವಳ ಮೊದಲ ರೋಗಿ ಅವಳ ಅಪ್ಪನೇ ಆದರು.

"ಈ ಕಣ್ಣು ಇನ್ನು ಕಾಣಲ್ಲ," ಎಂದರು ಡಾಕ್ಟರು.

"ಸರಿಯಾಗಿ ನೋಡಿದ್ರಾ ಡಾಕ್ಟ್ರೇ? ಒಳಗೆಲ್ಲ?" ಎಂದು ಇವರು ಕೇಳಿದರು. ಡಾಕ್ಟರು ನನ್ನ ಮುಖ ನೋಡಿದರು.

ಈಗಲೂ ಅಂಗಡಿ ತೆರೆಯುತ್ತಾರೆ. ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಜೊತೆಗೆ ಹೋಗಿ ಕೂರುತ್ತೇನೆ. ನಿನ್ನೆ ಶಾಲೆಯ ಟೀಚರಮ್ಮ ತಮ್ಮ ವಾಚ್ ತಂದರು. ಇವರು ಅಭ್ಯಾಸದಂತೆ ಭೂತಗನ್ನಡಿಯನ್ನು ಬಲಗಣ್ಣಿಗೆ ಇಟ್ಟರು. ಹಾಗೇ ಸ್ವಲ್ಪ ಹೊತ್ತು ಕೂತರು. ಆಮೇಲೆ ಎಡಗಣ್ಣಿಗೆ ಇಟ್ಟು, ವಾಚನ್ನು ದೂರ ಹಿಡಿದರು, ಹತ್ತಿರ ಹಿಡಿದರು. ಸ್ಕ್ರೂಡ್ರೈವರ್ ಜಾರಿ ಜಾರಿ ಹೋಯಿತು. ಕೊನೆಗೆ ವಾಚನ್ನು ಟೀಚರಮ್ಮನ ಕಡೆ ಸರಿಸಿದರು.

"ಇದು ರಿಪೇರಿ ಆಗಲ್ಲಮ್ಮ."

ಸಡಿಲಾಗಿದ್ದದ್ದು ಒಂದೇ ಒಂದು ಸ್ಕ್ರೂ. ಪಕ್ಕದಲ್ಲಿ ಕೂತ ನನಗೇ ಕಾಣುತ್ತಿತ್ತು. ಟೀಚರಮ್ಮ ನನ್ನ ಕಡೆ ತಿರುಗಿದರು.

"ಹೌದಮ್ಮ," ಎಂದೆ. "ಆಗಲ್ಲ."