ದಾರದಲ್ಲಿ ಕಟ್ಟಿದ ಹಲ್ಲು

ನಮ್ಮಕ್ಕ ಬಟ್ಟೆ ಹೊಲಿಯುತ್ತಾಳೆ. ನಾನು ಅವಳ ಅಂಗಡಿಯಲ್ಲೇ ಕಾಜಾ ಮಾಡಿ ಗುಂಡಿ ಹಾಕುವವಳು. ಪಕ್ಕದಲ್ಲೇ ಕತ್ತರಿ ಇದ್ದರೂ ಅಕ್ಕ ದಾರ ಕಡಿಯುವುದು ಹಲ್ಲಿನಲ್ಲೇ. ಬೇಡ ಬೇಡ ಅಂತ ಹೇಳಿ ಹೇಳಿ ನನಗೇ ಸಾಕಾಗಿತ್ತು.

ಅವತ್ತು ಅವಳು ಕೂತಲ್ಲಿ ಕೂರುತ್ತಿರಲಿಲ್ಲ. ಕನ್ನಡಿ ಮುಂದೆ ನಿಲ್ಲುವುದು, ಮತ್ತೆ ಬಂದು ಬಟ್ಟೆಯೇ ಇಲ್ಲದ ಮಿಷನ್ ತುಳಿಯುವುದು. ಗಿರಾಕಿಗಳಿಗೆ ಕನ್ನಡಿಯೇ ಸಿಗಲಿಲ್ಲ.

"ಏನಕ್ಕಾ ಅದು? ಬಾಯಿ ತೆಗಿ," ಅಂದೆ.

ತೆಗೆದಳು. ಕೆಳಗಿನ ಮುಂದಿನ ಹಲ್ಲೊಂದನ್ನು ಪಕ್ಕದ ಹಲ್ಲಿಗೆ ನೈಲಾನ್ ದಾರದಿಂದ ಕಟ್ಟಿಕೊಂಡಿದ್ದಳು! ಗಂಟೇನೋ ಬಲು ಅಚ್ಚುಕಟ್ಟು. ಒಸಡು ಮಾತ್ರ ಕೆಂಪಗೆ ಊದಿತ್ತು.

"ಅಲ್ಲಾಡ್ತಿತ್ತು ಕಣೇ. ಗುಂಡಿ ಸಡಿಲ ಆದ್ರೆ ಬಿಗಿ ಮಾಡಲ್ವಾ?"

"ಹಲ್ಲೇನು ಗುಂಡಿನಾ? ರಕ್ತ ಬರ್ತಿತ್ತಾ?"

"ಉಜ್ಜಿದಾಗ ಬರುತ್ತೆ, ಎರಡು ವರ್ಷದಿಂದ. ಅದಕ್ಕೇ ಆ ಕಡೆ ಉಜ್ಜೋದೇ ಬಿಟ್ಟಿದ್ದೀನಿ. ನೋವಂತೂ ಇಲ್ಲ."

ತಲೆ ಚಚ್ಚಿಕೊಳ್ಳುವ ಹಾಗಾಯಿತು. ದಾರ ಕತ್ತರಿಸಿ, ಅಂಗಡಿ ಬಾಗಿಲು ಎಳೆದು, ಹಲ್ಲಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವಳದು ಒಂದೇ ರಾಗ: "ಕ್ಲೀನ್ ಮಾಡಿಸಿದ್ರೆ ಇರೋ ಹಲ್ಲೂ ಸಡಿಲ ಆಗುತ್ತಂತೆ."

ಡಾಕ್ಟರಮ್ಮ ಹಲ್ಲಿಗೂ ಒಸಡಿಗೂ ನಡುವೆ ತೆಳುವಾದ ಕಡ್ಡಿ ಇಳಿಸಿ ಅಳೆದರು. "ಮೂರು, ಮೂರು, ಐದು, ಎಂಟು."

ಅಳತೆ ಅಂದರೆ ಅಕ್ಕನ ಕಿವಿ ನೆಟ್ಟಗಾಗುತ್ತದೆ. "ಎಂಟು ಇಂಚಾ?"

"ಮಿಲಿಮೀಟರ್ ಅಮ್ಮಾ. ಮೂರರೊಳಗೆ ಇರಬೇಕು. ನಿಮ್ಮ ಒಸಡು ಹಲ್ಲನ್ನ ಬಿಟ್ಟು ಜೇಬಿನ ಹಾಗೆ ಬಾಯಿ ತೆಗೆದಿದೆ. ಒಳಗೆ ಕೊಳೆ ಗಟ್ಟಿಯಾಗಿ ಕೂತು, ಹಲ್ಲು ಹಿಡಿದಿರೋ ಮೂಳೆ ಕರಗ್ತಿದೆ. ಇದು ನೋವೇ ಇಲ್ದೆ ಆಗುತ್ತೆ. ಎಲ್ರೂ ಹೆದರೋ ಹಾಗೆ ಕ್ಲೀನ್ ಮಾಡಿದ್ರೆ ಹಲ್ಲು ಸಡಿಲ ಆಗಲ್ಲ. ಮೊದಲೇ ಸಡಿಲ ಆಗಿರೋದು ಗೊತ್ತಾಗುತ್ತೆ ಅಷ್ಟೇ."

ಸಕ್ಕರೆ ಕಾಯಿಲೆ ಇದೆಯಾ, ತಂಬಾಕು ಉಂಟಾ ಅಂತ ಕೇಳಿದರು; ಅಕ್ಕನಿಗೆ ಎರಡೂ ಇರಲಿಲ್ಲ. ಎಕ್ಸ್-ರೇ ತೆಗೆದರು. ಮರಗಟ್ಟಿಸುವ ಸೂಜಿ ಕೊಟ್ಟು, ಎರಡು ಸಲ ಕೂರಿಸಿ, ಒಸಡಿನ ಅಡಿಯವರೆಗೂ ಶುಚಿ ಮಾಡಿದರು. ಉಜ್ಜುವುದು ಹೇಗೆಂದು ತೋರಿಸಿ, ಎಂಟು ವಾರ ಬಿಟ್ಟು ಬನ್ನಿ ಅಂದರು. ಆ ಎಂಟು ವಾರ ಅಕ್ಕನ ನಾಲಿಗೆ ಆ ಹಲ್ಲನ್ನು ಬಿಟ್ಟು ಕದಲಲಿಲ್ಲ. ಒಂದು ರವಿಕೆಯ ತೋಳನ್ನು ಉಲ್ಟಾ ಹೊಲಿದು ಬಿಚ್ಚಿದ್ದೂ ಆಯಿತು.

ಮತ್ತೆ ಅಳೆದಾಗ ಐದು ಮೂರಾಗಿತ್ತು, ರಕ್ತ ನಿಂತಿತ್ತು. ಆದರೆ ಎಂಟು ಇಳಿದದ್ದು ಏಳಕ್ಕೆ ಮಾತ್ರ. ಡಾಕ್ಟರಮ್ಮ ಚೀಟಿ ಬರೆದರು. "ಇನ್ನು ಒಸಡಿನ ತಜ್ಞರು ನೋಡ್ಬೇಕು. ಎಕ್ಸ್-ರೇ, ಎರಡೂ ಸಲದ ಅಳತೆ ಇದರ ಜೊತೆಗಿದೆ."

ಅಕ್ಕ ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದಳು. "ನೋಡಿದ್ಯಾ, ಕೈ ತೊಳ್ಕೊಂಡ್ರು. ಮುಂದಿನ ಹಲ್ಲು ಹೋದ್ರೆ ಗಿರಾಕಿ ಮುಂದೆ ಹೇಗೆ ಬಾಯಿ ತೆಗೀಲಿ?" ಕಣ್ಣಲ್ಲಿ ನೀರು. ನಾನೂ ಪಕ್ಕದಲ್ಲಿ ಕೂತೆ.

"ಅಕ್ಕಾ, ಚರ್ಮದ ಕೋಟು ರಿಪೇರಿಗೆ ಬಂದ್ರೆ ಏನ್ಮಾಡ್ತೀಯ?"

"ಮೂಲೆಯ ಚರ್ಮದ ಅಂಗಡಿಗೆ ಕಳಿಸ್ತೀನಿ. ಅದಕ್ಕೆ ಬೇರೆ ಮಿಷನ್ನೇ ಬೇಕು."

"ಅಂದ್ರೆ ನೀನು ಕೈ ತೊಳ್ಕೊಂಡ ಹಾಗಾ?"

ಅಕ್ಕ ಸೆರಗಿನಲ್ಲಿ ಮೂಗೊರೆಸಿಕೊಂಡು, "ಚೀಟಿ ಕೊಡಿಲ್ಲಿ," ಅಂದಳು.

ತಜ್ಞರು ಒಸಡು ಬಿಡಿಸಿ, ಬೇರನ್ನು ಕಣ್ಣಾರೆ ನೋಡಿ ಶುಚಿ ಮಾಡಿ ಹೊಲಿಗೆ ಹಾಕಿದರು. ಅಲ್ಲಾಡುತ್ತಿದ್ದ ಹಲ್ಲನ್ನು ಹಿಂಬದಿಯಿಂದ ಸಣ್ಣ ತಂತಿಯಲ್ಲಿ ಪಕ್ಕದ ಹಲ್ಲುಗಳಿಗೆ ಸೇರಿಸಿದರು. ಅಕ್ಕ ಕನ್ನಡಿ ಹಿಡಿದು, "ನಾನೂ ಇದನ್ನೇ ಮಾಡಿದ್ದೆ!" ಅಂದಳು.

"ನೀವು ಕೊಳೆ ಒಳಗೇ ಬಿಟ್ಟು ಕಟ್ಟಿದ್ರಿ ತಾಯಿ. ಇನ್ನೊಂದು ವರ್ಷ ಬಿಟ್ಟಿದ್ರೆ ಕಟ್ಟೋಕೆ ಹಲ್ಲೇ ಇರ್ತಿರಲಿಲ್ಲ."

ಹಲ್ಲು ಉಳಿಯಿತು. ಈಗ ಮೂರು ತಿಂಗಳಿಗೊಮ್ಮೆ ನಮ್ಮ ಡಾಕ್ಟರಮ್ಮನೇ ನೋಡುತ್ತಾರೆ. ಅಕ್ಕನ ಕೊರಳಲ್ಲಿ ಪುಟ್ಟ ಕತ್ತರಿ ತೂಗುತ್ತದೆ.

ನಿನ್ನೆ ಅವಳು ನನ್ನ ಗಲ್ಲ ಹಿಡಿದು, "ಎಲ್ಲಿ, ನೀನು ಬಾಯಿ ತೆಗಿ," ಅಂದಳು. ನಾನು ತೆಗೆಯಲಿಲ್ಲ. ಇಷ್ಟೆಲ್ಲ ಬುದ್ಧಿ ಹೇಳಿದ ನನ್ನ ಬ್ರಷ್ಷೂ ಒಂದು ತಿಂಗಳಿಂದ ಕೆಂಪಾಗುತ್ತಿದೆ. ನೋವಿಲ್ಲವಲ್ಲ ಅಂತ ನಾನೂ ಬಾಯಿ ಮುಚ್ಚಿಕೊಂಡಿದ್ದೆ. ನಾಚಿಕೆಯಾಗಿ ರಾತ್ರಿ ನಿದ್ದೆ ಹತ್ತಲಿಲ್ಲ.

ನಾಳೆ ಬೆಳಿಗ್ಗೆ ಉಜ್ಜಿ ಉಗುಳಿದಾಗ ನೊರೆಯ ಬಣ್ಣ ನೋಡಿ. ಕೆಂಪಿದ್ದರೆ ಉಜ್ಜುವುದನ್ನು ಬಿಡಬೇಡಿ, ಹಲ್ಲಿನ ಡಾಕ್ಟರಿಗೆ ತೋರಿಸಿ. ಅವರು ತಜ್ಞರಿಗೆ ಚೀಟಿ ಕೊಟ್ಟರೆ ಹೆದರದೆ ಹೋಗಿ. ನಾಳೆ ಹತ್ತು ಗಂಟೆಗೆ ಡಾಕ್ಟರಮ್ಮನ ಬಾಗಿಲಲ್ಲಿ ನಾನಿರುತ್ತೇನೆ. ನೀವೂ ಬನ್ನಿ.