ಕೆಂಪಾಗದ ಉರಿ

ದಾವಣಗೆರೆಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಸಯೀದಾ, ಗಂಡ ನ್ಯೂಜಿಲೆಂಡಿನಲ್ಲಿ ಬಟ್ಟೆ ಅಂಗಡಿ ತೆರೆದಾಗ ಆಕ್ಲೆಂಡಿಗೆ ಬಂದವರು. ೨೦೦೬ರ ಚಳಿಗಾಲದಲ್ಲಿ ಅವರ ಎಡ ಸ್ತನದಿಂದ ಕ್ಯಾನ್ಸರ್ ಗಡ್ಡೆ ತೆಗೆದರು. ಆಮೇಲೆ ವಾರಗಟ್ಟಲೆ ರೇಡಿಯೇಶನ್. ನೆರೆಮನೆಯ ಮೈಸೂರಿನ ರಮಾ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಳು.

ಸ್ವಲ್ಪ ದಿನಕ್ಕೇ ಕಂಕುಳ ಕೆಳಗೆ ಉರಿ ಶುರುವಾಯಿತು. ನರ್ಸ್ ದೀಪ ಹಿಡಿದು ನೋಡಿ, ಎಲ್ಲೂ ಕೆಂಪಾಗಿಲ್ಲ, ನಿಮ್ಮ ಚರ್ಮ ಗಟ್ಟಿ ಎಂದು ಹೊಗಳಿದಳು. ಹೊರಗೆ ಕೂತಿದ್ದ ಬಿಳಿ ಹೆಂಗಸಿಗೆ ಮಾತ್ರ ಕೆಂಪೇರಿದೆಯೆಂದು ಮುಲಾಮು, ಮೆತ್ತನೆಯ ಪಟ್ಟಿ ಎರಡೂ ಸಿಕ್ಕಿದ್ದವು. ಸಯೀದಾಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಯಿತು. ಎಣ್ಣೆ ಸಿಡಿದರೂ ತನ್ನ ಮೈ ಕಪ್ಪಾಗುತ್ತದೆಯೇ ಹೊರತು ಕೆಂಪಾದದ್ದು ಯಾವಾಗ?

ಹತ್ತಿರದ ಪುಕೆಕೊಹೆ ಊರಿನಿಂದ ರೇಡಿಯೇಶನ್‌ಗೆ ಬರುತ್ತಿದ್ದ ವಾಯಿಮಾರಿಯೆ ಎಂಬ, ಆ ನಾಡಿನ ಮೂಲನಿವಾಸಿ ಮಾವೋರಿ ಹೆಂಗಸನ್ನು, ನಿಮಗೂ ಉರಿಯುತ್ತದೆಯೇ ಎಂದು ಕೇಳಿದರು. ಆಕೆ ಮೊದಲು ನಕ್ಕಳು. ಆಮೇಲೆ ಅಂಗಿ ತಾಗಿದರೂ ತಡೆಯಲಾಗುತ್ತಿಲ್ಲ, ಏನೂ ಇಲ್ಲವೆಂದು ನರ್ಸುಗಳು ಹೇಳಿದ್ದರಿಂದ ಸುಮ್ಮನಿದ್ದೇನೆ ಎಂದಳು. ಬಟ್ಟೆ ಬದಲಿಸುವ ಕೋಣೆಯಲ್ಲಿ ಸಯೀದಾ ನೋಡಿದರೆ, ಆಕೆಯ ಸ್ತನದ ಮಡಿಕೆಯಲ್ಲಿ ಚರ್ಮ ನೇರಳೆಗಪ್ಪಾಗಿ ಸುಲಿದು ಒಸರುತ್ತಿತ್ತು.

ಹೊರಬಂದು, ನಮ್ಮಂಥವರ ಚರ್ಮ ಸುಟ್ಟರೆ ಕೆಂಪಾಗುವುದಿಲ್ಲ, ಕಪ್ಪಾಗುತ್ತದೆ ಎಂದು ರಮಾಗೆ ಹೇಳಿದರು.

"ಆಸ್ಪತ್ರೆಯವ್ರಿಗೆ ಗೊತ್ತಿರಲ್ವಾ ಸಯೀದಾ ಆಂಟಿ?" ಎಂದಳು ರಮಾ.

"ಗೊತ್ತಿದ್ರೆ ನನ್ನ ಮೈಮ್ಯಾಲೆ ಕೆಂಪು ಯಾಕ್ ಹುಡುಕ್ತಿದ್ರಮ್ಮ?"

ಮರುದಿನ ಅವರು ನರ್ಸಿನ ಅಂಗೈಯನ್ನೇ ತಮ್ಮ ಚರ್ಮದ ಮೇಲಿಟ್ಟರು. ಅದು ಕಾದ ಹೆಂಚಿನಂತಿತ್ತು. ನರ್ಸ್ ಕೈ ತೆಗೆಯದೆ ಡಾಕ್ಟರನ್ನು ಕರೆದಳು. ಸುಟ್ಟ ಮಟ್ಟವನ್ನು ನಾವು ನಸುಗೆಂಪು, ಕಡುಗೆಂಪು ಎಂದು ಅಳೆಯುತ್ತೇವೆ ಎಂದರು ಡಾಕ್ಟರು. ಆ ಬಣ್ಣಗಳನ್ನು ಯಾರ ಮೈ ನೋಡಿ ಇಟ್ಟದ್ದು ಎಂದು ಸಯೀದಾ ಕೇಳಿದಾಗ, ಅದನ್ನು ತಾನು ಯೋಚಿಸಿಯೇ ಇರಲಿಲ್ಲ ಎಂದು ಒಪ್ಪಿಕೊಂಡರು.

ವಾಯಿಮಾರಿಯೆಯನ್ನೂ ಡಾಕ್ಟರು ನೋಡುವವರೆಗೆ ಸಯೀದಾ ಕದಲಲಿಲ್ಲ. ಅವಳ ಗಾಯ ಒಣಗಲು ಚಿಕಿತ್ಸೆಯನ್ನು ಕೆಲವು ದಿನ ನಿಲ್ಲಿಸಬೇಕಾಯಿತು; ಆಮೇಲೆ ಮುಗಿಸಿದರು. ಸಯೀದಾಗೆ ಪಟ್ಟಿ ಕಟ್ಟಿದ ಮೇಲೆ ಉರಿ ಇಳಿಯಿತು. ಅಂದಿನಿಂದ ಆ ನರ್ಸ್ ದೀಪ ಹಿಡಿಯುವ ಮೊದಲು ಉರಿಯುತ್ತಿದೆಯೇ ಎಂದು ಕೇಳತೊಡಗಿದಳು, ಮುಟ್ಟಿ ನೋಡತೊಡಗಿದಳು.

ಸುಟ್ಟ ಗುರುತು ಮಾಸುವ ಮೊದಲೇ, ಹೊಸ ನರ್ಸು-ಡಾಕ್ಟರುಗಳಿಗೆ ಕಲಿಸಲು ಸಯೀದಾ, ವಾಯಿಮಾರಿಯೆ ಇಬ್ಬರ ಚರ್ಮದ ಫೋಟೊ ತೆಗೆಯಬಹುದೇ ಎಂದು ಡಾಕ್ಟರು ಕೇಳಿದಾಗ ಸಯೀದಾ ಎರಡು ದಿನ ಅಳುಕಿದರು. ಮುಖ ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ಇಬ್ಬರೂ ಒಪ್ಪಿದರು. ತೆಗೆದಾದ ಮೇಲೆ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ತಲೆಗೆ ತಲೆ ತಾಗಿಸಿ ನೋಡಿದರು. ಒಬ್ಬರದು ಸುಟ್ಟ ಬೆಲ್ಲದ ಬಣ್ಣ, ಇನ್ನೊಬ್ಬರದು ನೇರಳೆ ಹಣ್ಣಿನದು. ಇನ್ನೂ ಎಷ್ಟು ಬಣ್ಣಗಳಿರಬಹುದು ಎಂದರು ಸಯೀದಾ.