ಕಡ ಕೊಟ್ಟ ಬೆರಳು

ನಮ್ಮ ಆಫೀಸು ಕೊಟ್ಟಾರದಲ್ಲಿ, ಮೊಬೈಲ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಸಕ್ಕರೆ ಕಾಯಿಲೆಯವರು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬೆರಳು ಚುಚ್ಚಿಕೊಂಡು ಒಂದು ಹನಿ ರಕ್ತವನ್ನು ಪುಟ್ಟ ಮಿಷನ್ನಿಗೆ ಕೊಟ್ಟರೆ, ಅದರ ಲೆಕ್ಕ ಅವರ ಮೊಬೈಲಿನ ಆ್ಯಪ್ ಮೂಲಕ ನೇರ ನಮ್ಮ ಕಂಪ್ಯೂಟರಿಗೆ ಬರುತ್ತದೆ. ತೀರಾ ಹೆಚ್ಚಿದ್ದರೆ ಹೆಸರು ಕೆಂಪಾಗುತ್ತದೆ. ಕೆಂಪಾದವರಿಗೆ ಫೋನು ಮಾಡಿ ಡಾಕ್ಟರಿಗೆ ಜೋಡಿಸಿಕೊಡುವುದು ಬೆಳಗಿನ ಪಾಳಿಯಲ್ಲಿ ನನ್ನ ಕೆಲಸ.

ನಮ್ಮ ಮ್ಯಾನೇಜರ್ ಅಲೆಕ್ಸ್‌ಗೆ ಇರುವುದು ಒಂದೇ ಚಿಂತೆ, ಜನ ಯಾಕೆ ಇದಕ್ಕೆ ಸೇರುತ್ತಿಲ್ಲ ಎಂದು. ಬ್ಯಾರಿಗಳು ಯಾಕೆ ಒಪ್ಪುತ್ತಾರೆ, ತುಳುವರು ಯಾಕೆ ಒಪ್ಪುವುದಿಲ್ಲ, ಕೊಂಕಣಿ ಅಜ್ಜಿಯಂದಿರಿಗೆ ಏನು ಬೇಕು ಎಂದು ಬಣ್ಣಬಣ್ಣದ ಚಾರ್ಟು ಹಾಕಿ ಆಗಾಗ ನಮ್ಮ ತಲೆ ತಿನ್ನುತ್ತಾರೆ. ನಾನು ಆಕಳಿಸುತ್ತೇನೆ. ಹೆತ್ತ ತಾಯಿಯನ್ನೇ ಸೇರಿಸಲಾಗದವಳಿಗೆ ಚಾರ್ಟು ತೋರಿಸಿ ಏನು ಪ್ರಯೋಜನ?

ಅಮ್ಮನ ಹೆಸರು ಬಾಗಿ. ಜೆಪ್ಪುವಿನ ನಮ್ಮ ಮನೆಯಲ್ಲಿ ಅವಳ ಮಾತೇ ಕೊನೆಯ ಮಾತು. "ಅಶ್ಮಿತಾ, ನಿನಗೆ ಅಲ್ಲಿ ಕೆಲಸ ಸಿಕ್ಕಿತು ಅಂತ ನಾನು ಕಾಯಿಲೆ ಮಾಡ್ಕೊಳ್ಬೇಕಾ? ನನಗೆ ಎಂತ ಸಹ ಇಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಸುಸ್ತು, ಬಾಯಾರಿಕೆ ಎಲ್ಲವನ್ನೂ ಸೆಕೆಯ ತಲೆಗೆ ಕಟ್ಟುತ್ತಿದ್ದಳು.

ಪಕ್ಕದ ಮನೆಯ ರುಖಿಯಾಂಟಿ ಸೇರಿದ್ದರು. ದುಬೈಯಲ್ಲಿರುವ ಮಗ ಅರಾಫತ್ ಅಲ್ಲಿಂದಲೇ ಹಣ ಕಟ್ಟಿ, ಹೆಂಡತಿ ಜಸೀಲಾಳಿಂದ ಎಲ್ಲ ಮಾಡಿಸಿಕೊಟ್ಟಿದ್ದ. ಆಂಟಿಗೆ ಆ್ಯಪ್ ಮೇಲೆ ಪ್ರೀತಿಯೇನಿರಲಿಲ್ಲ. ಮಗ ಅಷ್ಟು ದೂರದಿಂದ ತನ್ನನ್ನು ನೋಡಿಕೊಳ್ಳುತ್ತಿದ್ದಾನೆ ಎಂಬ ಸಮಾಧಾನಕ್ಕೆ ದಿನಾ ಚುಚ್ಚಿಕೊಳ್ಳುತ್ತಿದ್ದರು.

ರಂಜಾನ್ ಹತ್ತಿರ ಬಂತು. ಹಿಂದಿನ ವರ್ಷ ಸಕ್ಕರೆ ಏರಿದ್ದರಿಂದ ಡಾಕ್ಟರು ಆಂಟಿಗೆ ಉಪವಾಸ ಬೇಡವೆಂದಿದ್ದರು. ಕಾಯಿಲೆಯವರಿಗೆ ವಿನಾಯಿತಿ ಇದೆಯೆಂದು ಮಸೀದಿಯ ಉಸ್ತಾದರೂ ಹೇಳಿದ್ದರು. ಆದರೆ ಮೊಮ್ಮಗಳು ನಜ್ಲಾ ಸಹಿತ ಇಡೀ ಮನೆ ಉಪವಾಸ ಹಿಡಿದಿರುವಾಗ, ಆಂಟಿ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಗೋಡೆಗೆ ಮುಖ ಮಾಡಿ ಕೂತು ಗಂಜಿ ಉಣ್ಣುತ್ತಿದ್ದರಂತೆ. "ಕಳ್ಳಿಯ ಹಾಗೆ ತಿಂದೆ ಮಗಳೇ. ಗಂಟಲಲ್ಲಿ ಇಳಿಯುದಿಲ್ಲ" ಎನ್ನುವಾಗ ಅವರ ಕಣ್ಣು ತುಂಬುತ್ತಿತ್ತು.

ಈ ಸಲ ಡಾಕ್ಟರು ಒಂದು ಷರತ್ತು ಹಾಕಿದ್ದರು. ಶನಿವಾರದೊಳಗೆ ಬೆಳಗಿನ ಲೆಕ್ಕ ಇಳಿದರೆ ಮಾತ್ರೆಯ ಹೊತ್ತು ಬದಲಿಸಿ ಉಪವಾಸಕ್ಕೆ ಬಿಡುತ್ತೇನೆ, ಇಳಿಯದಿದ್ದರೆ ಇಲ್ಲ.

ಶನಿವಾರ ನಾನು ಆಫೀಸಿನಲ್ಲಿ ಕೂತು ಚಹಾ ಲೋಟ ಎತ್ತುವಷ್ಟರಲ್ಲಿ ರುಖಿಯಾಂಟಿಯ ಹೆಸರು ಕೆಂಪಾಯಿತು. ಮುನ್ನೂರ ಹದಿನೆಂಟು! ಅವರಿಗೆ ಇಷ್ಟು ಯಾವತ್ತೂ ಬಂದದ್ದಿಲ್ಲ. ತಕ್ಷಣ ಫೋನು ಮಾಡಿದೆ.

"ಆಂಟಿ, ಎಂತ ಇದು? ರಾತ್ರಿ ಎಂತ ತಿಂದಿದ್ದೀರಿ?"

ಹಿಂದಿನಿಂದ ಅಮ್ಮನ ದನಿ ಕೇಳುತ್ತಿತ್ತು. ಬೆಳಿಗ್ಗೆ ದೇವರಿಗೆ ದಾಸವಾಳ ಕೊಯ್ಯಲು ಅವಳು ಆಂಟಿಯ ಅಂಗಳಕ್ಕೆ ಹೋಗುವುದು ವಾಡಿಕೆ.

"ಕೈ ತೊಳೆದಿದ್ರಾ?" ಎಂದು ನಾನೇ ಕೇಳಿದೆ. "ಬೆರಳಿಗೆ ಬೆಲ್ಲ ಗಿಲ್ಲ ತಾಗಿದ್ರೂ ಹೀಗೆ ತೋರಿಸ್ತದೆ. ಸಾಬೂನು ಹಾಕಿ ತೊಳೆದು ಇನ್ನೊಮ್ಮೆ ಚುಚ್ಚಿ. ಸರಿ ಬಂದ್ರೆ ಅದನ್ನೇ ಡಾಕ್ಟರಿಗೆ ಕಳಿಸ್ತೇನೆ."

ಆ ಹೊತ್ತಿಗೆ ನಜ್ಲಾ ಪಕ್ಕದಲ್ಲೇ ನಿಂತು, "ಅಜ್ಜಿ, ನನ್ನ ಬೆರಳು ತಕ್ಕೊಳ್ಳಿ" ಎಂದು ಕೈ ಚಾಚಿದ್ದಳಂತೆ. ಇದು ನನಗೆ ತಿಳಿದದ್ದು ಆಮೇಲೆ. ಮಗುವಿನ ಬೆರಳಿಗೆ ಒಂದು ಚುಚ್ಚು ಕೊಟ್ಟರೆ ಸಾಕಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ, ಇಡೀ ತಿಂಗಳ ಉಪವಾಸ ಆಂಟಿಯದ್ದಾಗುತ್ತಿತ್ತು.

"ಮಗಳೇ, ಇದು ನನ್ನ ರಕ್ತ ಅಲ್ಲ" ಎಂದರು ಆಂಟಿ ಫೋನಿನಲ್ಲಿ.

"ಮತ್ತೆ ಯಾರದ್ದು?"

"ನಿನ್ನ ಅಮ್ಮಂದು."

ಆಂಟಿಯ ಲೆಕ್ಕ ವಾರವಿಡೀ ಹಟ ಹಿಡಿದು ಮೇಲೆಯೇ ಇತ್ತು. ಕೊನೆಯ ದಿನ ಹೂ ಕೊಯ್ಯುತ್ತಿದ್ದ ಅಮ್ಮನನ್ನು ಕರೆದು, "ಬಾಗಿಯಕ್ಕ, ನಿಮಗೆ ಎಂತ ಕಾಯಿಲೆಯೂ ಇಲ್ಲ ಅಲ್ವಾ, ಒಂದು ಬೆರಳು ಕೊಡಿ" ಎಂದಿದ್ದರು. ನಾನು ತಿಂಗಳುಗಟ್ಟಲೆ ಗೋಗರೆದರೂ ಸಿಗದ ಬೆರಳು, ನೆರೆಮನೆಗೆ ಹೆಪ್ಪಿನ ಮೊಸರು ಕೊಟ್ಟಷ್ಟು ಸಲೀಸಾಗಿ ಸಿಕ್ಕಿಬಿಟ್ಟಿತ್ತು.

"ನನ್ನ ಉಪವಾಸ ಹೋಗ್ಲಿ. ನೀನು ಬೇಗ ಬಾ. ನಿನ್ನ ಅಮ್ಮ ನಂಬುದಿಲ್ಲ, ಮಿಷನ್ ಹಾಳಾಗಿದೆ ಅಂತಾರೆ."

ನನಗೆ ಆಂಟಿಯ ಮೇಲೆ ಕೆಂಡದಂಥ ಸಿಟ್ಟು ಬಂತು. ಸುಳ್ಳು ಲೆಕ್ಕ ನಂಬಿ ಡಾಕ್ಟರು ಒಪ್ಪಿ, ಉಪವಾಸದಲ್ಲಿ ಇವರು ತಲೆ ತಿರುಗಿ ಬಿದ್ದಿದ್ದರೆ? ಅದೇ ಗಳಿಗೆಯಲ್ಲಿ ಅವರ ಕಾಲು ಹಿಡಿಯಬೇಕು ಅನಿಸಿತು. ಅಲೆಕ್ಸ್‌ಗೆ ಹೇಳಿ ಬಸ್ಸು ಹತ್ತಿದೆ.

ನಾನು ಜೆಪ್ಪು ಮುಟ್ಟುವಷ್ಟರಲ್ಲಿ ಆಂಟಿ ಅಮ್ಮನನ್ನು ರಿಕ್ಷಾಕ್ಕೆ ಹತ್ತಿಸಿ ಲ್ಯಾಬಿಗೆ ಕರೆದುಕೊಂಡು ಹೋಗಿಯೂ ಆಗಿತ್ತು. ಲ್ಯಾಬಿನವರೂ ಅಮ್ಮನಿಗೆ ಸಕ್ಕರೆ ಕಾಯಿಲೆ ಎಂದೇ ಹೇಳಿದರು. ಮಿಷನ್ ಹಾಳಾಗಿರಲಿಲ್ಲ.

ಅಮ್ಮ ಸಂಜೆಯವರೆಗೆ ಮುಖ ಊದಿಸಿಕೊಂಡೇ ಇದ್ದಳು. ದೀಪ ಹಚ್ಚಿಟ್ಟು ಬಂದವಳು ತನ್ನ ಮೊಬೈಲನ್ನು ನನ್ನ ಮಡಿಲಿಗೆ ಹಾಕಿದಳು.

"ಆ ನಿನ್ನ ಆ್ಯಪ್ ಹಾಕು."

"ನಾನು ಹೇಳಿದ್ರೆ ಆಗ್ಲಿಲ್ಲ, ಈಗ ಎಂತ ಆಯ್ತು?"

"ನೀನು ಹೇಳುದು ನಿನ್ನ ಕೆಲಸ ಮಾರಾಯ್ತಿ. ರುಖಿಯಾ ಉಪವಾಸವನ್ನೇ ಬಿಟ್ಟು ಹೇಳಿದ್ದಾಳೆ."

ಇದನ್ನು ಅಲೆಕ್ಸ್ ಚಾರ್ಟಿನಲ್ಲಿ ಯಾವ ಬಣ್ಣದಲ್ಲಿ ತೋರಿಸುತ್ತಾರೋ ನಾನು ಕಾಣೆ.

ಡಾಕ್ಟರು ಆಂಟಿಗೆ ಈ ವರ್ಷವೂ ಉಪವಾಸ ಬೇಡವೆಂದೇ ಹೇಳಿದರು. ಆಂಟಿ ಆಗಲಿ ಎಂದು ತಲೆಯಾಡಿಸಿದರು.

ರಂಜಾನಿನ ಮೊದಲ ದಿನ ಪಾಳಿ ಮುಗಿಸಿ ಬಂದಾಗ ನಮ್ಮ ಮನೆಗೆ ಬೀಗ. ಹುಡುಕುತ್ತಾ ಆಂಟಿಯ ಮನೆಗೆ ಹೋದೆ. ಅಡುಗೆಮನೆಯಲ್ಲಿ ಅಮ್ಮ, ನಮ್ಮ ಮನೆಯಿಂದಲೇ ತಂದ ಬಟ್ಟಲು ಮುಂದಿಟ್ಟುಕೊಂಡು ಆಂಟಿಗೆ ಎದುರಾಗಿ ಕೂತಿದ್ದಳು.

"ಹೊತ್ತು ತಪ್ಪಿಸದೆ ಉಣ್ಬೇಕು ಅಂತ ನಿಮ್ಮ ಡಾಕ್ಟರು ಹೇಳಿದ್ದಲ್ವಾ?" ಎಂದು ನನ್ನ ಮೇಲೆಯೇ ಹಾರಿದಳು. "ಒಬ್ಬಳೇ ಉಂಡ್ರೆ ನನಗೆ ಸೇರುದಿಲ್ಲ."

ಆಂಟಿ ಗಂಜಿ ಉಣ್ಣುತ್ತಿದ್ದರು. ಉಪವಾಸವಿದ್ದ ನಜ್ಲಾ ಬಂದು ಇಬ್ಬರ ಮುಂದೆಯೂ ನೀರಿನ ಲೋಟ ಇಟ್ಟು ಹೋದಳು. ಅಡುಗೆಮನೆಯ ಬಾಗಿಲು ತೆರೆದೇ ಇತ್ತು.